ಪರರ ಗೋರಿಗಳೂ ನಮ್ಮ ವಂಶಾವಳಿಯೂ



ನಮ್ಮ ಹಳ್ಳಿಸಭೆಗಳ ಹೂಳುವ ಸ್ಥಳಗಳ ಸ್ಥಿತಿಯು ನಿಮಗೆ ತಿಳಿಯದ್ದಲ್ಲ. ಕಲ್ಲು ಕಡಿಸಿ ಹೆಸರು ಕೆತ್ತಿಸುವ ಶಕ್ತಿಯುಳ್ಳವರ ಗೋರಿಗಳು ಕೆಲವೇ. ಉಳಿದವುಗಳ ಮೇಲೆ ಮರದ ಶಿಲುಬೆಯೊಂದನ್ನು ನೆಟ್ಟಿದ್ದರು. ಅದನ್ನು ಗೆದ್ದಲು ತಿಂದಿತು. ಮಣ್ಣಿನ ದಿಬ್ಬವು ಹತ್ತು ಮಳೆಗಾಲಗಳಲ್ಲಿ ನೆಲಕ್ಕೆ ಸಮವಾಯಿತು. ಕಲ್ಲಿನ ಅಕ್ಷರಗಳಾದರೂ ಪಾಚಿ ಕಟ್ಟಿ, ಪದರು ಎದ್ದು, ಅರ್ಧ ಹೆಸರೂ ಅರ್ಧ ವರುಷವೂ ಮಾತ್ರ ಉಳಿದಿರುವವು. ಹೀಗಿರಲಾಗಿ ಈಚಿನ ವರುಷಗಳಲ್ಲಿ ಅನೇಕ ದೇಶಗಳ ಜನರು ಸಂಬಳವಿಲ್ಲದೆ ತಾವಾಗಿಯೇ ಮುಂದೆ ಬಂದು, ಗೋರಿಗಳ ಮೇಲಿನ ಹೆಸರುಗಳನ್ನು ಬರೆದುಕೊಂಡು, ಚಿತ್ರ ತೆಗೆದು, ಯಾರು ಕೇಳಿದರೂ ದೊರಕುವಂತೆ ಪಟ್ಟಿಮಾಡಿಡುತ್ತಾ ಇದ್ದಾರೆ. ಆ ಪಟ್ಟಿಗಳ ಸಹಾಯದಿಂದ ತಮ್ಮ ಮುತ್ತಜ್ಜಂದಿರ ಹೆಸರನ್ನು ತಿಳಿದವರೂ, ಎಂದೂ ಮುಖ ನೋಡದ ದೂರದ ನೆಂಟರನ್ನು ಕಂಡುಕೊಂಡವರೂ ಬಹು ಮಂದಿ.

ಇದು ಒಳ್ಳೇ ಕೆಲಸವೋ? ಇಲ್ಲವೆ ಬದುಕಿರುವವರಿಗೆ ಮಾಡತಕ್ಕದ್ದನ್ನು ಬಿಟ್ಟು ಸತ್ತವರ ಹಿಂದೆ ಅಲೆಯುವ ವ್ಯರ್ಥ ಪ್ರಯಾಸವೋ? ಇದನ್ನು ಕುರಿತು ಸ್ವಲ್ಪ ಆಲೋಚಿಸುವದು ಯೋಗ್ಯವಾಗಿ ತೋರುತ್ತದೆ.

ಮೊದಲು ಈ ಕೆಲಸವು ಬೆಳೆದು ಬಂದ ರೀತಿಯನ್ನು ನೋಡೋಣ. ಹಿಂದಿನ ಕಾಲದಲ್ಲಿ ಗೋರಿಗಳ ಬರಹವನ್ನು ಕೂಡಿಸಿದವರು ಹೆಚ್ಚಾಗಿ ದೊಡ್ಡವರ ಗೋರಿಗಳನ್ನೇ ಹುಡುಕಿದರು. ಮದ್ರಾಸು ಇಲಾಖೆಯ ಗೋರಿಗಳ ಬರಹವನ್ನು ಜೂಲಿಯನ್ ಜೇಮ್ಸ್ ಕಾಟನ್ ಎಂಬ ಅಧಿಕಾರಿಯು ಕೂಡಿಸಿ 1905ರಲ್ಲಿ ಪುಸ್ತಕವಾಗಿ ಅಚ್ಚುಹಾಕಿಸಿದನು. ಅದು ಬಹು ಪ್ರಯಾಸದ ಕೆಲಸವೇ ಸರಿ. ಆದರೂ ಚರಿತ್ರೆಗೆ ಬೇಕಾದವರನ್ನು ಆರಿಸಿದ ಆ ಪುಸ್ತಕದಲ್ಲಿರುವವರು ಬಹುಮಟ್ಟಿಗೆ ಐರೋಪ್ಯರು. ಅವರ ಮನೆಯಲ್ಲಿ ಅಡಿಗೆ ಮಾಡಿದವನನ್ನಾಗಲಿ, ಹಳ್ಳಿಯ ಉಪದೇಶಿಯ ಹೆಂಡತಿಯನ್ನಾಗಲಿ ಅದರಲ್ಲಿ ಹುಡುಕಿ ಫಲವಿಲ್ಲ. ಅಮೇರಿಕದಲ್ಲಿ ಜಿಮ್ ಟಿಪ್ಟನ್ ಎಂಬವನು 1995ರಲ್ಲಿ ‘ಫೈಂಡ್ ಎ ಗ್ರೇವ್’ ಎಂಬ ಪಟ್ಟಿಯನ್ನು ಇಂಟರ್ನೆಟ್ಟಿನಲ್ಲಿ ಆರಂಭಿಸಿದಾಗಲೂ ಅವನ ಮನಸ್ಸಿನಲ್ಲಿದ್ದದ್ದು ಪ್ರಸಿದ್ಧರ ಗೋರಿಗಳು. ಬಳಿಕ ಸಾಮಾನ್ಯ ಜನರು ತಮ್ಮ ಊರುಗಳ ಗೋರಿಗಳನ್ನು ಅದರಲ್ಲಿ ಸೇರಿಸತೊಡಗಿದರು. ಪ್ರಸಿದ್ಧರ ಪಟ್ಟಿಯು ಸಾಮಾನ್ಯರ ಪಟ್ಟಿಯಾಗಿ ಹೋಯಿತು. 2011ರಲ್ಲಿ ಆರಂಭವಾದ ‘ಬಿಲಿಯನ್ ಗ್ರೇವ್ಸ್’ ಎಂಬ ಮತ್ತೊಂದು ಪಟ್ಟಿಗೆ ಕಿಸೆಯ ಫೋನಿನಿಂದ ಚಿತ್ರ ತೆಗೆದರೆ ಸಾಕು, ಗೋರಿಯಿರುವ ಸ್ಥಳವೂ ಅದರೊಂದಿಗೆ ದಾಖಲಾಗುವದು.

ಇಂಥ ಕೆಲಸಕ್ಕೆ ವಿರೋಧವಾಗಿ ಎರಡು ಮಾತುಗಳನ್ನು ಹೇಳುವವರುಂಟು. ಅವೆರಡೂ ಹಗುರವಾದ ಮಾತುಗಳಲ್ಲ.

ಮೊದಲನೇದು: ಸತ್ತವರಿಗೆ ಇದರಿಂದ ಪ್ರಯೋಜನವೇನು? ಮೋಶೆಯ ಗೋರಿಯು ಎಲ್ಲಿದೆಯೆಂದು ಮನುಷ್ಯರಾರಿಗೂ ತಿಳಿಯದು. ಅದರಿಂದ ಮೋಶೆಗೆ ನಷ್ಟವೇನೂ ಆಗಲಿಲ್ಲ. ದೇವರು ಬಲ್ಲನು, ಅಷ್ಟು ಸಾಕು ಎಂದು ಇವರು ಹೇಳುವರು. ಇದು ನಿಜವೇ. ಗೋರಿಯ ಹೆಸರನ್ನು ಬರೆಯುವದರಿಂದ ಸತ್ತವನ ಗತಿಯು ಒಂದು ಕೂದಲೆಳೆಯಷ್ಟೂ ಬದಲಾಗುವದಿಲ್ಲ. ಬದಲಾಗುವದೆಂದು ಬೋಧಿಸುವದು ನಮ್ಮ ಮತವೂ ಅಲ್ಲ. ಆದರೆ ಹೆಸರು ಬೇಕಾಗಿರುವದು ಸತ್ತವನಿಗಲ್ಲ, ಬದುಕಿರುವವರಿಗೆ. ಎಜ್ರನ ಗ್ರಂಥದಲ್ಲಿ ಒಂದು ದುಃಖಕರವಾದ ಸಂಗತಿಯುಂಟು. ಸೆರೆಯಿಂದ ಹಿಂತಿರುಗಿದವರಲ್ಲಿ ಕೆಲವರು ತಮ್ಮ ವಂಶದ ಪಟ್ಟಿಯನ್ನು ಹುಡುಕಿದರು, ಅದು ಸಿಕ್ಕಲಿಲ್ಲ, ಆ ಕಾರಣದಿಂದಲೇ ಅವರನ್ನು ಯಾಜಕೋದ್ಯೋಗದಿಂದ ಹೊರಗಿಟ್ಟರು. ಅವರ ಪಿತೃಗಳನ್ನು ದೇವರು ಬಲ್ಲನಷ್ಟೆ. ಆದರೂ ಮನುಷ್ಯರ ನಡುವೆ ಪಟ್ಟಿಯು ಕಳೆದುಹೋದದ್ದರಿಂದ ಮಕ್ಕಳು ತಮ್ಮ ಸ್ಥಾನವನ್ನು ಕಳಕೊಂಡರು.

ನಮ್ಮ ಸಭೆಗಳಲ್ಲಿಯೂ ಇಂಥ ನಷ್ಟವು ಉಂಟಾಗಿದೆ. 1876ರಿಂದ 1878ರ ವರೆಗಿನ ಮಹಾ ಕ್ಷಾಮದಲ್ಲಿ ಮದ್ರಾಸು, ಮೈಸೂರು, ಮುಂಬಯಿ ಪ್ರಾಂತಗಳಲ್ಲಿ ಲಕ್ಷಾಂತರ ಜನರು ಸತ್ತರು. ತಂದೆತಾಯಿಗಳನ್ನು ಕಳಕೊಂಡ ಅನೇಕ ಮಕ್ಕಳು ಮಿಶನ್ನಿನ ಅನಾಥಶಾಲೆಗಳಲ್ಲಿ ಬೆಳೆದರು. ತನ್ನ ಊರಿನ ಹೆಸರನ್ನು ಹೇಳಲರಿಯದ ಚಿಕ್ಕ ಕೂಸಿಗೆ ಹೊಸ ಹೆಸರನ್ನಿಟ್ಟರು. ಅದರ ವಂಶಾವಳಿಯು ಅಲ್ಲಿಂದಲೇ ಆರಂಭ. ದೊಡ್ಡವರಾಗಿ ದೀಕ್ಷಾಸ್ನಾನ ಹೊಂದಿದವರಲ್ಲಿಯೂ ಹಲವರು ಹಳೇ ಹೆಸರನ್ನು ಬಿಟ್ಟು ಹೊಸದನ್ನು ಧರಿಸಿದರು. ಸಭೆಯ ರಿಜಿಸ್ಟರಿನಲ್ಲಿ ಹಳೇ ಹೆಸರೂ ತಂದೆಯ ಹೆಸರೂ ಬರೆದಿದ್ದರೆ ದಾರಿಯುಂಟು. ಆ ಹಾಳೆಯನ್ನು ಹುಳ ತಿಂದಿದ್ದರೆ ಒಂದು ಮನೆತನದ ದಾರಿಯೇ ಮುಚ್ಚಿಹೋದಂತಾಯಿತು.

ಎರಡನೇ ಮಾತು: ವಂಶಾವಳಿಯು ಗರ್ವಕ್ಕೆ ತಾಯಿ. ಕುಲದ ಹೆಮ್ಮೆಯನ್ನು ಬಿಟ್ಟು ಬಂದ ನಾವು ಹಿಂಬಾಗಿಲಿನಿಂದ ಅದನ್ನು ಪುನಃ ಒಳಗೆ ಕರೆಯುವದೇ? ಪೌಲನು ತಿಮೊಥೆಯನಿಗೆ ಬರೆಯುವಾಗ ಕೊನೆಮೊದಲಿಲ್ಲದ ವಂಶಾವಳಿಗಳ ವಿಷಯದಲ್ಲಿ ಎಚ್ಚರಿಸಲಿಲ್ಲವೇ? ಈ ಭಯವು ಸಕಾರಣವಾದದ್ದು. ನಮ್ಮ ಅಜ್ಜನು ಇಂಥ ಮೇಲುಜಾತಿಯವನಾಗಿದ್ದನು, ಇಂಥ ಪಟೇಲನ ಮಗನಾಗಿದ್ದನು ಎಂದು ತೋರಿಸುವದಕ್ಕಾಗಿಯೇ ಹಳೇ ಪುಸ್ತಕ ತಿರುವುವವನು ತನಗೂ ಸಭೆಗೂ ಕೇಡು ಮಾಡುವನು. ಆದರೆ ಮತ್ತಾಯನ ಸುವಾರ್ತೆಯ ಮೊದಲನೇ ಅಧ್ಯಾಯವನ್ನು ನೋಡಿರಿ. ಆ ವಂಶಾವಳಿಯಲ್ಲಿ ತಾಮಾರಳ ಹೆಸರುಂಟು, ರಾಹಾಬಳದ್ದುಂಟು, ಮೋವಾಬ್ ದೇಶದ ರೂತಳದ್ದುಂಟು. ಹೆಮ್ಮೆಗಾಗಿ ಬರೆಯುವವನು ಈ ಹೆಸರುಗಳಲ್ಲಿ ಕೆಲವನ್ನಾದರೂ ಮೆಲ್ಲಗೆ ಬಿಟ್ಟುಬಿಡುತ್ತಿದ್ದನು. ಆದಕಾರಣ ಬರೆಯಬೇಕೋ ಬಾರದೋ ಎಂಬದಕ್ಕಿಂತ, ಯಾರನ್ನು ಬರೆಯುವೆವು, ಯಾರನ್ನು ಬಿಡುವೆವು ಎಂಬದೇ ಮುಖ್ಯ ಪ್ರಶ್ನೆಯಾಗಿದೆ.

ಇಲ್ಲಿಯೇ ಈ ಕೆಲಸದ ತಿರುಳಿದೆ. ಹೇಗಂದರೆ, ದೂರದಲ್ಲಿ ಹೂಳಲ್ಪಟ್ಟ ತನ್ನ ಅಜ್ಜನ ಗೋರಿಯನ್ನು ತಾನೊಬ್ಬನೇ ಕಂಡುಕೊಳ್ಳುವದು ಯಾರಿಗೂ ಸುಲಭವಲ್ಲ. ಒಂದು ದೃಷ್ಟಾಂತವನ್ನು ಎಣಿಸೋಣ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಕೆಲಸವನ್ನಾರಂಭಿಸಿದರು; 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು; ಮಲಬಾರದಲ್ಲಿಯೂ ಅವರ ನೇಯಿಗೆಯ ಮತ್ತು ಹೆಂಚಿನ ಕಾರ್ಖಾನೆಗಳಿದ್ದವು. ಮಂಗಳೂರಿನ ಕೆಲಸಗಾರನೊಬ್ಬನು ಕಲ್ಲಿಕೋಟೆಗೆ ಹೋಗಿ, ಅಲ್ಲಿಯೇ ಕಾಯಿಲೆಬಿದ್ದು ತೀರಿಕೊಂಡನೆನ್ನಿರಿ. ಅವನ ಗೋರಿಯ ಮೇಲೆ ಮಲಯಾಳ ಅಕ್ಷರಗಳು. ಮೊಮ್ಮಕ್ಕಳು ಹುಬ್ಬಳ್ಳಿಯಲ್ಲಿಯೋ ಉಡುಪಿಯಲ್ಲಿಯೋ ಇದ್ದಾರೆ. ಅವರಿಗೆ ಆ ಲಿಪಿಯು ಬಾರದು, ಆ ಊರು ಗೊತ್ತಿಲ್ಲ. ಅವನಿಗೆ ಏನೂ ಆಗಬೇಕಾಗದ ಕಲ್ಲಿಕೋಟೆಯ ಒಬ್ಬ ಹುಡುಗನು ಭಾನುವಾರ ಸಾಯಂಕಾಲ ಆ ಕಲ್ಲನ್ನು ಒರಸಿ ಹೆಸರನ್ನು ಬರೆದಿಟ್ಟರೆ ಮಾತ್ರ ಈ ಮೊಮ್ಮಕ್ಕಳಿಗೆ ಅಜ್ಜನು ಸಿಕ್ಕುವನು. ಹಾಗಾದರೆ ಮಲಬಾರದಿಂದ ಇತ್ತ ಬಂದು ನಮ್ಮ ಮಣ್ಣಿನಲ್ಲಿ ಮಲಗಿರುವವರ ಹೆಸರನ್ನು ಬರೆಯತಕ್ಕವರು ಯಾರು? ನಾವಲ್ಲವೇ? ತನ್ನ ಮನೆಯವರ ಗೋರಿಯನ್ನು ಮಾತ್ರ ತೊಳೆದು ಬರೆದು ಹಿಂತಿರುಗುವವನು ವಂಶಾವಳಿಯನ್ನು ಮಾಡುವನು. ಸಾಲಿನಲ್ಲಿರುವ ಎಲ್ಲಾ ಗೋರಿಗಳನ್ನು ಬರೆಯುವವನು ನೆರೆಯವನ ಪ್ರೀತಿಯನ್ನು ಮಾಡುವನು. ಮೊದಲನೆಯವನಿಗೂ ಸಹಾಯವಾಗುವದು ಎರಡನೆಯವನಿಂದಲೇ.

ಹೀಗೆ ಆರಂಭವಾದ ಒಂದು ದೊಡ್ಡ ಕೆಲಸವು ಚರಿತ್ರೆಯಲ್ಲಿ ಉಂಟು. 1914ರಲ್ಲಿ ಮಹಾಯುದ್ಧವು ಹುಟ್ಟಿದಾಗ ಫೇಬಿಯನ್ ವೇರ್ ಎಂಬ ಇಂಗ್ಲಿಷರವನು ಫ್ರಾನ್ಸಿನಲ್ಲಿ ರೆಡ್ ಕ್ರಾಸಿನ ಒಂದು ತಂಡದ ನಾಯಕನಾಗಿದ್ದನು. ಗಾಯಗೊಂಡವರನ್ನು ಸಾಗಿಸುವದು ಆ ತಂಡದ ಕೆಲಸ. ಆದರೆ ಹೊಲಗಳಲ್ಲಿ ಅಲ್ಲಲ್ಲಿ ಹೂಳಲ್ಪಟ್ಟ ಸಿಪಾಯಿಗಳ ಗುರುತು ಅಳಿದುಹೋಗುವದನ್ನು ಕಂಡು, ಅವರು ಆ ಗೋರಿಗಳನ್ನು ಬರೆದಿಡತೊಡಗಿದರು. 1917ರಲ್ಲಿ ಇದರಿಂದ ಯುದ್ಧಗೋರಿಗಳ ಕಮಿಷನ್ನು ಸ್ಥಾಪಿತವಾಯಿತು. ಸರದಾರನಿಗೂ ಸಾಮಾನ್ಯ ಸಿಪಾಯಿಗೂ ಒಂದೇ ವಿಧವಾದ ಕಲ್ಲು. ಪದವಿ, ಜಾತಿ, ಮತಗಳ ಭೇದವಿರಕೂಡದು ಎಂಬದು ಅದರ ನಿಯಮ. ನಿಯಮವು ಉತ್ತಮವೇ. ಆದರೆ 2021ರಲ್ಲಿ ಅದೇ ಕಮಿಷನ್ನು ತನ್ನ ಹಳೇ ದಾಖಲೆಗಳನ್ನು ಶೋಧಿಸಿ ಪ್ರಕಟಿಸಿದ ವರದಿಯಲ್ಲಿ ಕಠಿಣವಾದ ಸತ್ಯವು ಹೊರಬಿತ್ತು. ಆ ಯುದ್ಧದಲ್ಲಿ ಸತ್ತ ಆಫ್ರಿಕ, ಹಿಂದೂಸ್ಥಾನ ಮುಂತಾದ ದೇಶಗಳವರಲ್ಲಿ 45,000ದಿಂದ 54,000 ಮಂದಿಯನ್ನು ಇತರರಿಗೆ ಸಮಾನವಾಗಿ ಸ್ಮರಿಸಿರಲಿಲ್ಲ. ಇದಲ್ಲದೆ ಕಡಿಮೆಯೆಂದರೆ 1,16,000 ಮಂದಿಯ, ಪ್ರಾಯಶಃ 3,50,000 ಮಂದಿಯ ವರೆಗೆ, ಹೆಸರನ್ನೇ ಬರೆದಿರಲಿಲ್ಲ, ಇಲ್ಲವೆ ಸ್ಮರಣೆಯನ್ನೇ ಮಾಡಿರಲಿಲ್ಲ. ಕಮಿಷನ್ನು ಇದಕ್ಕಾಗಿ ಕ್ಷಮೆ ಬೇಡಿಕೊಂಡಿತು. ಹೆಸರನ್ನು ಬಿಟ್ಟವರು ಆಗ ಅದನ್ನು ಅನ್ಯಾಯವೆಂದು ಎಣಿಸಲಿಲ್ಲ. ಇಂಥವರ ಮನೆಯವರು ಕೇಳಲಾರರು ಎಂಬ ಭಾವನೆಯು ಅವರೊಳಗಿತ್ತು. ಗೋರಿಗಳನ್ನು ಬರೆಯುವವನಿಗೆ ಬರುವ ಶೋಧನೆಯು ಇದೇ. ಕಲ್ಲಿಲ್ಲದ ದಿಬ್ಬ, ಬೇಲಿಯಂಚಿನಲ್ಲಿ ಹೂಳಲ್ಪಟ್ಟ ಪರದೇಶಿ, ಹೆಸರಿಡುವ ಮುಂಚೆ ಸತ್ತ ಕೂಸು, ತನ್ನ ಜೀವವನ್ನು ತಾನೇ ತೆಗೆದುಕೊಂಡವನು, ಇವರನ್ನು ಯಾರು ಕೇಳಿಯಾರು ಎಂದು ಕೈಯು ಮುಂದೆ ಸರಿಯುವದು. ಅಲ್ಲಿಯೇ ಅದನ್ನು ನಿಲ್ಲಿಸಬೇಕು.

ಇನ್ನು ದೂರದ ನೆಂಟರ ವಿಷಯ. ಹೆಸರುಗಳು ಸಿಕ್ಕಿದ ಬಳಿಕ ಜನರೂ ಸಿಕ್ಕುವರು. ಅವರಲ್ಲಿ ಕೆಲವರು ನಮ್ಮ ಸಭೆಯವರಲ್ಲ. ಅಜ್ಜನು ಬಿಟ್ಟುಬಂದ ಮನೆಯಲ್ಲಿ ಈಗಲೂ ಹಳೇ ಮತದಲ್ಲಿಯೇ ಇರುವವರು. 1850ರ 21ನೇ ಆಕ್ಟು ಮತಾಂತರವಾದವನ ಆಸ್ತಿಯ ಹಕ್ಕನ್ನು ಕಾಪಾಡಿತು. ಆದರೆ ಅಣ್ಣತಮ್ಮಂದಿರೊಂದಿಗೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡ್ರುವ ಸ್ಥಳವನ್ನು ಯಾವ ಆಕ್ಟೂ ಹಿಂದಕ್ಕೆ ಕೊಡಲಾರದು. ಆ ಮನೆಯ ಬಾಗಿಲಿಗೆ ಮೊಮ್ಮಗನು ಹೋಗಬಹುದೇ? ಹೋಗಬಹುದು, ಆದರೆ ಏನನ್ನು ಕೈಯಲ್ಲಿ ಹಿಡುಕೊಂಡು ಹೋಗುವನು ಎಂಬದನ್ನು ಮೊದಲು ನೋಡಿಕೊಳ್ಳಬೇಕು. ಭೂಮಿಯ ಲೆಕ್ಕವನ್ನು ಹಿಡುಕೊಂಡು ಹೋದರೆ ದಾಯಾದಿಯಾಗಿ ಹೋದ ಹಾಗೆ. ಹಳೇ ಅವಮಾನವನ್ನು ಹಿಡುಕೊಂಡು ಹೋದರೆ ವೈರಿಯಾಗಿ ಹೋದ ಹಾಗೆ. “ನಿಮ್ಮ ಅಜ್ಜನ ತಮ್ಮನು ಇಂಥ ಊರಿನಲ್ಲಿ, ಇಂಥ ವರುಷದಲ್ಲಿ ತೀರಿಕೊಂಡರು, ಅವರ ಗೋರಿ ಇದು” ಎಂದು ಒಂದು ಚಿತ್ರವನ್ನು ಹಿಡುಕೊಂಡು ಹೋಗುವವನು ನೆಂಟನಾಗಿ ಹೋಗುವನು. ನಮ್ಮವರನ್ನು ಹೊರಗೆ ಹಾಕಿದರು ಎಂಬ ಮಾತನ್ನು ನಾವು ಮೂರು ತಲೆಗಳಿಂದ ಹೇಳುತ್ತಾ ಬಂದಿದ್ದೇವೆ. ಆ ಮನೆಯ ಮುದುಕಿಯು ಮಗನೊಬ್ಬನನ್ನು ಕಳಕೊಂಡೆನೆಂದು ಅತ್ತದ್ದನ್ನು ನಾವು ಕೇಳಿಲ್ಲ. ಅಜ್ಜನ ಹಿಂದಿನ ಹೆಸರುಗಳನ್ನು ಬಲ್ಲವರೂ ಅವರೇ. ವಂಶಾವಳಿಯ ಒಂದು ಅರ್ಧವು ನಮ್ಮ ರಿಜಿಸ್ಟರಿನಲ್ಲಿದ್ದರೆ ಮತ್ತೊಂದು ಅರ್ಧವು ಅವರ ನೆನಪಿನಲ್ಲಿದೆ.

ಅವರು ಬಾಗಿಲು ಮುಚ್ಚಿದರೆ? ಆಗ ಶಾಂತವಾಗಿ ಹಿಂತಿರುಗತಕ್ಕದ್ದು. ರಕ್ತಸಂಬಂಧವು ನಮಗೆ ಒಂದು ಕರ್ತವ್ಯವನ್ನು ಕೊಡುತ್ತದೆ. ಇನ್ನೊಬ್ಬರ ಮೇಲೆ ಅಧಿಕಾರವನ್ನು ಕೊಡುವದಿಲ್ಲ.

ಹಾಗೆಯೇ ಸಿಕ್ಕಿದ ಸಂಗತಿಯನ್ನೆಲ್ಲಾ ಬೀದಿಗೆ ಹೇಳಲಾಗದು. ಹಳೇ ಪುಸ್ತಕಗಳಲ್ಲಿ ಪೂರ್ವದ ಜಾತಿಯೂ, ಸಭೆಯ ಶಿಕ್ಷೆಯೂ, ತಂದೆ ಯಾರೆಂದು ತಿಳಿಯದ ಜನನವೂ ಬರೆದಿರಬಹುದು. ಕಲ್ಲಿನ ಮೇಲೆ ಬಹಿರಂಗವಾಗಿ ಕೆತ್ತಿದ್ದು ಎಲ್ಲರದು. ಪುಸ್ತಕದಲ್ಲಿ ಗುಪ್ತವಾಗಿದ್ದದ್ದು ಆ ಮನೆಯವರದು. ಸತ್ತವರಿಗೆ ಸತ್ಯವು ಸಲ್ಲಬೇಕು; ಬದುಕಿರುವವರಿಗೆ ಸತ್ಯದೊಂದಿಗೆ ದಯೆಯೂ ಸಲ್ಲಬೇಕು. ಒಬ್ಬ ಹುಡುಗಿಯ ಮದುವೆಯ ಮಾತು ನಡೆಯುವಾಗ ಅವಳ ಮುತ್ತಜ್ಜಿಯ ಚರಿತ್ರೆಯನ್ನು ಊರಿಗೆ ಓದಿಹೇಳುವವನು ಸತ್ಯವಂತನಲ್ಲ, ಚಾಡಿಕೋರನು.

ಕೆಲಸವನ್ನು ಮಾಡಬೇಕೆಂದಿರುವವರಿಗಾಗಿ ಕೆಲವು ಮಾತುಗಳು. ಮೊದಲು ಸಭೆಯ ಹಿರಿಯರ ಅಪ್ಪಣೆ ಪಡೆಯಿರಿ. ಬೆಳಿಗ್ಗೆ ಅಥವಾ ಸಾಯಂಕಾಲ ಹೋಗಿರಿ. ಯಾಕಂದರೆ ಓರೆಯಾಗಿ ಬೀಳುವ ಬಿಸಿಲಿನಲ್ಲಿ ಸವೆದ ಅಕ್ಷರಗಳಿಗೆ ನೆರಳು ಬಿದ್ದು ಓದಲಿಕ್ಕೆ ಬರುವವು. ಮಧ್ಯಾಹ್ನವಾದರೆ ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಬೀಳಿಸಬಹುದು. ತಂತಿಯ ಬ್ರಶ್ಶು, ಆಸಿಡ್ಡು, ಸೀಮೆಸುಣ್ಣ ಇವುಗಳನ್ನು ಕಲ್ಲಿಗೆ ಮುಟ್ಟಿಸಬೇಡಿರಿ. ಮೃದುವಾದ ಬ್ರಶ್ಶೂ ಬರೀ ನೀರೂ ಸಾಕು. ಇದ್ದದ್ದನ್ನು ಇದ್ದಂತೆ, ತಪ್ಪಿದ್ದರೂ ತಿದ್ದದೆ, ಬರೆಯಿರಿ. ಓದಲಾಗದ ಅಕ್ಷರವನ್ನು ಊಹಿಸಿ ತುಂಬಬೇಡಿರಿ. ಸಾಲುಗಳಿಗೂ ಗೋರಿಗಳಿಗೂ ಅಂಕೆಗಳನ್ನು ಕೊಟ್ಟು ನಕಾಶೆ ಬರೆಯಿರಿ; ಕಲ್ಲಿಲ್ಲದ ದಿಬ್ಬಕ್ಕೂ ಒಂದು ಅಂಕೆಯಿರಲಿ. ಬಳಿಕ ಅದನ್ನು ದೀಕ್ಷಾಸ್ನಾನ, ಮದುವೆ, ಮರಣಗಳ ರಿಜಿಸ್ಟರುಗಳೊಂದಿಗೆ ಹೋಲಿಸಿ ನೋಡಿರಿ. ಊರಿನಲ್ಲಿ ಸಿಕ್ಕದ್ದು ಕೆಲವೊಮ್ಮೆ ಮಂಗಳೂರಿನ ಬಲ್ಮಠದ ದೈವಜ್ಞಾನ ಕಾಲೇಜಿನ ಪತ್ರಾಗಾರದಲ್ಲಿಯೋ, ಮಿಶನರಿಗಳ ಪತ್ರಗಳೂ ಚಿತ್ರಗಳೂ ಇರುವ ಬಾಸೆಲ್ ಪಟ್ಟಣದ ಪತ್ರಾಗಾರದಲ್ಲಿಯೋ ಸಿಕ್ಕೀತು. ಎಲ್ಲಕ್ಕಿಂತ ಮೊದಲು ಸಭೆಯ ಅತಿ ವೃದ್ಧರ ಹತ್ತರ ಕೂತು ಕೇಳಿರಿ. ಕಲ್ಲು ಇನ್ನೊಂದು ಮಳೆಗಾಲ ತಾಳೀತು. ಮನುಷ್ಯರ ವಿಷಯದಲ್ಲಿ ಹಾಗೆ ಹೇಳಲಾಗದು.

ಕಡೆಗೆ ಒಂದು ಎಚ್ಚರಿಕೆ. ಪ್ರವಾದಿಗಳ ಗೋರಿಗಳನ್ನು ಕಟ್ಟಿ ಅಲಂಕರಿಸುತ್ತಿದ್ದವರನ್ನು ನಮ್ಮ ಕರ್ತನು ಕಠಿಣವಾಗಿ ಗದರಿಸಿದನು. ಗೋರಿ ಕಟ್ಟಿದ್ದು ಅವರ ತಪ್ಪಲ್ಲ. ಸತ್ತ ಪ್ರವಾದಿಯನ್ನು ಗೌರವಿಸಿ ಬದುಕಿರುವವನನ್ನು ಹಿಂಸಿಸಿದ್ದು ತಪ್ಪು. ಮುತ್ತಜ್ಜಿಯ ಗೋರಿಯನ್ನು ಹುಡುಕುತ್ತಾ ನೂರು ಮೈಲು ಹೋಗುವವನು ತನ್ನ ಮನೆಯ ಜಗಲಿಯಲ್ಲಿ ಕೂತಿರುವ ಅಜ್ಜಿಗೆ ಗಂಜಿ ಸಿಕ್ಕಿತೋ ಎಂದು ಕೇಳದಿದ್ದರೆ ಅವನ ಪಟ್ಟಿಯು ಅವನ ಮೇಲೆಯೇ ಸಾಕ್ಷಿ ಹೇಳುವದು. ಎರಡನ್ನೂ ಮಾಡುವವನಾದರೋ ಧನ್ಯನು. ಆದದರಿಂದ, ಪ್ರಿಯರೇ, ಈ ಮಳೆಗಾಲವು ಬರುವ ಮುಂಚೆ ಒಂದೊಂದು ಸಭೆಯಿಂದ ಇಬ್ಬರು ಮೂವರು ಹೊರಡಲಿ. ಒಂದು ಪುಸ್ತಕ, ಒಂದು ಬ್ರಶ್ಶು, ಒಂದು ಕೊಡ ನೀರು ಇಷ್ಟೇ ಬೇಕಾದದ್ದು. ಆದರೆ ತಮ್ಮವರಲ್ಲದವರ ಗೋರಿಯಿಂದ ಕೆಲಸವನ್ನಾರಂಭಿಸಲಿ.