ಸಂಶಯಕ್ಕೂ ಒಂದು ಲೆಕ್ಕ ಬೇಕು

ಬ್ಯಾಂಕಿನ ಗುಮಾಸ್ತನಾದ ನನಗೆ ತತ್ತ್ವವಿಚಾರ ಮಾಡುವ ಅಧಿಕಾರವಿಲ್ಲ. ಬಿ.ಎ.ಗೆ ಓದಿದ್ದೂ ಬಹುಪಾಲು ಮರೆತಿದೆ. ಆದರೆ ಯಾರ ಮಾತನ್ನು ನಂಬಬೇಕು ಎಂಬ ಪ್ರಶ್ನೆ ನಮ್ಮ ಗಡಿನಾಡಿನ ಮನೆಗಳಿಗೆ ಪುಸ್ತಕದಿಂದ ಬಂದುದಲ್ಲ, ಆಕಾಶದಿಂದ ಬಂದುದು.

ಹುಡುಗನಾಗಿದ್ದಾಗ ಕ್ರಿಸ್ಮಸ್ ರಜೆಗೆ ಎಣ್ಮಕಜೆಯ ಕಡೆ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆ. ಗುಡ್ಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಬಂತೆಂದರೆ ಮಕ್ಕಳೆಲ್ಲ ಅಂಗಳಕ್ಕೆ ಓಡುತ್ತಿದ್ದೆವು. ಗೇರಿನ ಚಿಗುರು ಒಣಗಿಸುವ ಟೀ ಸೊಳ್ಳೆಯನ್ನು ಕೊಲ್ಲಲು ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲ ಅದು. 1970ರ ದಶಕದ ಕೊನೆಯಿಂದ 2000ದವರೆಗೂ ಅದು ನಡೆಯಿತು.

ದೊಡ್ಡಮ್ಮನ ಕಿರಿಯ ಮಗನಿಗೆ ಕುತ್ತಿಗೆ ನಿಲ್ಲಲಿಲ್ಲ, ಮಾತು ಬರಲಿಲ್ಲ. ಅವನು ಹೊಟ್ಟೆಯಲ್ಲಿದ್ದ ವರ್ಷ ಮನೆಯಲ್ಲಿ ದೈವದ ತಂಬಿಲ ತಪ್ಪಿತ್ತಂತೆ. ಜಟಾಧಾರಿಯ ಕೋಪವೆಂದು ಆ ಕಡೆಯ ಎಷ್ಟೋ ಮನೆಗಳು ನಂಬಿದ್ದವು, ದೊಡ್ಡಮ್ಮನೂ ನಂಬಿದರು. ಮಗನಿಗೆ ಅನ್ನ ಕಲಸಿ ಉಣಿಸುವಾಗಲೆಲ್ಲ ತಪ್ಪುಕಾಣಿಕೆ ಸಲ್ಲಿಸುವವರ ಹಾಗೆ ಕೂತಿರುತ್ತಿದ್ದರು.

ಊರಿನಲ್ಲಿ ಬೇರೆ ರೀತಿ ನೋಡಿದವರೂ ಇದ್ದರು. ಕರುಗಳು ವಿಕಲವಾಗಿ ಹುಟ್ಟುವುದನ್ನು ಗಮನಿಸಿ ಶ್ರೀಪಡ್ರೆಯವರು ಬಹಳ ಮೊದಲೇ ಬರೆದರು. ವಾಣೀನಗರದ ವೈದ್ಯ ಡಾ. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ಅಸಹಜವಿದೆ ಎಂದು ಕೂಗಿ ಹೇಳಿದರು. 2001ರಲ್ಲಿ ದೆಹಲಿಯ ಒಂದು ಸಂಸ್ಥೆ ಪಡ್ರೆಯ ನೀರು, ರಕ್ತಗಳಲ್ಲಿ ವಿಷಾಂಶ ಕಂಡಿತು. ಅನಂತರ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವರದಿಯೂ ಊರಿನವರ ಅನುಮಾನಕ್ಕೆ ಪುಷ್ಟಿ ಕೊಟ್ಟಿತು. ಆಗತಾನೇ ಕಾಲೇಜು ಮುಗಿಸಿದ್ದ ನಾನು ಓಡಿಹೋಗಿ, "ದೊಡ್ಡಮ್ಮಾ, ಇದು ದೈವದ ಕೋಪ ಅಲ್ಲ, ವಿಷ" ಎಂದೆ. ಅವರು ಏನೂ ಹೇಳಲಿಲ್ಲ. ಆದರೆ ಆ ದಿನ ನನಗೆ ಎರಡು ಸಲ ಕಾಫಿ ಕೊಟ್ಟರು.

2003ರಲ್ಲಿ ಕೇಂದ್ರದ ಒಂದು ಸಮಿತಿ, ಕಾಯಿಲೆಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಸಿದ್ಧವಾಗಿಲ್ಲ ಎಂದಿತು. ಇದೆಲ್ಲ ವಿದೇಶಿ ಕಂಪೆನಿಗಳ ಪಿತೂರಿ ಎನ್ನುವವರೂ ಹುಟ್ಟಿಕೊಂಡರು. ದೊಡ್ಡಮ್ಮ ಕೇಳಿದರು: "ಹಾಗಾದರೆ ಮಗಾ, ತಪ್ಪು ಪುನಃ ನನ್ನ ತಲೆಗೇ ಬಂತಾ?"

ಉತ್ತರ ನನ್ನಲ್ಲಿರಲಿಲ್ಲ. ಒಂದು ವರದಿ ಬಂದಾಗ ನಂಬು ಎಂದವನು, ಇನ್ನೊಂದು ಬಂದಾಗ ನಂಬಬೇಡ ಎನ್ನುವುದು ಹೇಗೆ? ಮೊದಲನೆಯದನ್ನು ನಾನು ಓದಿ ನಂಬಿದ್ದೆನೇ, ನನಗೆ ಬೇಕಾದ ಮಾತಾದ್ದರಿಂದ ನಂಬಿದ್ದೆನೇ?

ದಾರಿ ತೋರಿಸಿದ್ದು ಬ್ಯಾಂಕಿನ ಕೆಲಸ. ನಾನು ಬರೆದ ವೋಚರನ್ನು ನಾನೇ ಪಾಸ್ ಮಾಡುವಂತಿಲ್ಲ. ಅದು ನನ್ನ ಮೇಲಿನ ಅಪನಂಬಿಕೆಯಿಂದಲ್ಲ, ಯಾರ ಕೈಯೂ ತಪ್ಪಬಹುದೆಂಬ ತಿಳಿವಿನಿಂದ. ವರದಿಯನ್ನೂ ಹಾಗೆಯೇ ನೋಡಬೇಕು: ಯಾರು ಬರೆದರು, ಖರ್ಚು ಯಾರದು, ತಾಳೆ ನೋಡಿದವರು ಯಾರು? ಅಹಮದಾಬಾದಿನವರು ಸಿಂಪಡಣೆಯಾದ ಊರಿನ 117 ಹುಡುಗರನ್ನು, ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಡನೆ ಹೋಲಿಸಿದ್ದರು. ಇಲ್ಲಿ ನೂರಕ್ಕೆ 78 ಮಂದಿಯ ರಕ್ತದಲ್ಲಿ, ಅಲ್ಲಿ 29 ಮಂದಿಯ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತ್ತು. ಇಲ್ಲಿಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ಯಾವ ದೇಶದ ಕಂಪೆನಿಗೆ ಲಾಭ, ಯಾವುದಕ್ಕೆ ನಷ್ಟ ಎಂಬುದರಿಂದ ಆ ರಕ್ತದ ಲೆಕ್ಕ ಬದಲಾಗುವುದಿಲ್ಲ. ಆದರೆ ನೂರು ರೂಪಾಯಿಯ ವೋಚರಿನಿಂದ ಸಾವಿರ ರೂಪಾಯಿ ಬರೆಯಲಾಗದು. ಊರಿನ ಪ್ರತಿಯೊಂದು ಕಾಯಿಲೆಗೂ ಅದೇ ಕಾರಣವೆಂದು ಆ ಅಧ್ಯಯನ ಹೇಳಲಿಲ್ಲ.

ಇದನ್ನೆಲ್ಲ ದೊಡ್ಡಮ್ಮನಿಗೆ ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಆಚೆಮನೆಯವರು ಒಂದು ವರ್ಷವೂ ತಂಬಿಲ ತಪ್ಪಿಸಿದವರಲ್ಲ. ಅವರ ಮಗಳೂ ಹೀಗೆಯೇ. ಹಟ್ಟಿಯ ಕರು ಯಾವ ಹರಕೆ ತಪ್ಪಿಸಿತ್ತು?"

ಹರಕೆ ತೀರಿಸಿದವರನ್ನೂ ತಪ್ಪಿಸಿದವರನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದು ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ವಿಜ್ಞಾನಿಗಳು ಮಾಡುವುದೂ ಅದನ್ನೇ ಅಲ್ಲವೇ? ಅವನಿಗೆ ಹಾಗಾದದ್ದು ವಿಷದಿಂದಲೇ ಎಂದು ಆ ಒಬ್ಬ ಮಗನ ಹೆಸರಿಗೆ ಬರೆದುಕೊಡಲು ನನಗೆ ಸಾಧ್ಯವಾಗಲಿಲ್ಲ. ತಾಯಿಯ ತಪ್ಪೆನ್ನುವ ಲೆಕ್ಕವಂತೂ ತಾಳೆಯಾಗುವುದಿಲ್ಲವೆಂದು ಅವರೇ ಕಂಡುಕೊಂಡರು.

2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೇ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಕೋವಿಡ್ ಚುಚ್ಚುಮದ್ದು ಬಂದಾಗ ಅದೇ ಊರಿನಲ್ಲಿ, "ಹೆಲಿಕಾಪ್ಟರಿನವರೂ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು" ಎಂಬ ಮಾತು ಹಬ್ಬಿತು. ಹಾಗೆ ಹೇಳಿದವರನ್ನು ನಾನು ಮೂಢರೆನ್ನಲಾರೆ. ಸುಟ್ಟ ಕೈ ಬೆಂಕಿಗೆ ಹೆದರುವುದು ಸಹಜ. ಆದರೆ ಅಂದು ನಮ್ಮವರ ಸಂಶಯ ಪುರಾವೆ ಕೊಡಿ ಎಂದು ಕೇಳಿತ್ತು; ಇಂದಿನ ಸಂಶಯ ಪುರಾವೆ ತಂದರೂ ಬೇಡವೆನ್ನುತ್ತದೆ. ಯಾವ ವೋಚರನ್ನೂ ಒಪ್ಪದ ಸಂಶಯ ಸಂಶಯವಲ್ಲ, ಅದೂ ಒಂದು ಕುರುಡು ನಂಬಿಕೆ.

ದೊಡ್ಡಮ್ಮ ನನ್ನನ್ನು ಕೇಳಿದ್ದು ಒಂದೇ: "ಕೊಟ್ಟವರನ್ನು ಮಾತ್ರ ನೋಡಿದರಾ, ಕೊಡದವರನ್ನೂ ನೋಡಿದರಾ?" ಬ್ರಿಟನ್, ಬ್ರೆಜಿಲ್‌ಗಳಲ್ಲಿ 11 ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ ನೋಡಿದ್ದನ್ನು ಹೇಳಿದೆ. ಅಪರೂಪಕ್ಕೆ ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನೂ ಮುಚ್ಚಿಡಲಿಲ್ಲ. "ಅದನ್ನೂ ಹೇಳಿದೆಯಲ್ಲ, ಹಾಗಾದರೆ ಹೋಗುವ" ಎಂದು ಎದ್ದರು.

ದೊಡ್ಡಮ್ಮ ತಂಬಿಲವನ್ನು ಈಗಲೂ ಬಿಟ್ಟಿಲ್ಲ. ನಾನೂ ಹೋಗುತ್ತೇನೆ, ಪ್ರಸಾದ ತೆಗೆದುಕೊಳ್ಳುತ್ತೇನೆ. ದೈವದ ಮುಂದೆ ಅವರು ಕೈಮುಗಿದು ನಿಲ್ಲುವುದು ಈಗ ತಪ್ಪೊಪ್ಪಿಕೊಳ್ಳಲಿಕ್ಕಲ್ಲ, ಮಗನನ್ನು ಕಾಪಾಡು ಎಂದು ಕೇಳಲಿಕ್ಕೆ. ಅಷ್ಟು ವ್ಯತ್ಯಾಸವಾಗಲು ಇಪ್ಪತ್ತು ವರ್ಷ ಬೇಕಾಯಿತು.