ದಾದಿಗೆ ಆಸೆ ಇರಬಾರದೇ?

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ನಮ್ಮ ಶಾಲೆಯಲ್ಲಿ ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲೇ ಓದಿದವಳು, ಈಗ ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷ. ತಾಯಿ ಬೀಡಿ ಕಟ್ಟಿ ಸಾಕಿದ ಮಗಳು. ಫೀಸಿಗೆ ಬ್ಯಾಂಕಿನ ಸಾಲ ಉಂಟು. ಚಹಾ ಕುಡಿಯುತ್ತಾ "ಮುಂದೆ ಎಂತ?" ಎಂದು ಕೇಳಿದೆ. "ಒಂದು ವರ್ಷ ಐ.ಸಿ.ಯು.ನಲ್ಲಿ ಕೆಲಸ ಮಾಡಿ, ಆಮೇಲೆ ನರ್ಸ್ ಪ್ರಾಕ್ಟೀಶನರ್ ಕೋರ್ಸಿಗೆ ಹೋಗ್ಬೇಕು ಅಂತ ಉಂಟು ಮಾಷ್ಟ್ರೆ" ಎಂದಳು. ನನ್ನ ಬಾಯಿಂದ ಥಟ್ಟನೆ ಬಂತು: "ನರ್ಸ್ ಅಂದ್ರೆ ಸೇವೆ ಅಲ್ವಾ ಮಾರಾಯ್ತಿ. ಅದರಲ್ಲಿ ಮೇಲೆ ಹತ್ತುದು ಎಂತದಕ್ಕೆ?"

ಅವಳಿಗೆ ಸಿಟ್ಟು ಬರಲಿಲ್ಲ. "ನೀವು ಹೆಡ್‌ಮಾಷ್ಟ್ರು ಆದದ್ದು ಎಂತದಕ್ಕೆ ಮಾಷ್ಟ್ರೆ?" ಎಂದು ಕೇಳಿದಳು. ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ಆ ಪ್ರಶ್ನೆ ಆಮೇಲೆ ನನ್ನನ್ನು ಬಿಡಲಿಲ್ಲ. ನಾನು ಟಿ.ಟಿ.ಸಿ. ಮುಗಿಸಿ ಒಂದನೆಯ ಕ್ಲಾಸಿನ ಮಕ್ಕಳ ಕೈಹಿಡಿದು ಬರೆಯಿಸುತ್ತಿದ್ದವ. ಅಂಚೆಯ ಮೂಲಕ ಬಿ.ಎ. ಮಾಡಿದೆ, ರಜೆ ಹಾಕಿ ಬಿ.ಎಡ್. ಮಾಡಿದೆ, ಹೈಸ್ಕೂಲಿಗೆ ಹೋದೆ, ಕೊನೆಗೆ ಹೆಡ್‌ಮಾಷ್ಟ್ರ ಕುರ್ಚಿಯಲ್ಲಿ ಕೂತೆ. "ಇನ್ನು ಆ ಚಿಕ್ಕ ಮಕ್ಕಳ ಕೈ ಹಿಡಿಯುವವರು ಯಾರು?" ಎಂದು ಒಬ್ಬರಾದರೂ ಕೇಳಿದರಾ? ಹಾರ ಹಾಕಿದರು, ಫೋಟೋ ತೆಗೆದರು. ಅಧ್ಯಾಪನವೂ ಸೇವೆಯೆಂದೇ ಭಾಷಣದಲ್ಲಿ ಹೇಳುತ್ತಾರೆ. ಆದರೂ ಮಾಷ್ಟ್ರು ಮೇಲೆ ಹೋದರೆ ಸಾಧನೆ, ನರ್ಸು ಮೇಲೆ ಹೋಗುತ್ತೇನೆ ಎಂದರೆ ಸೇವೆಯನ್ನು ಬಿಟ್ಟ ಹಾಗೆ. ಈ ಎರಡು ತಕ್ಕಡಿ ನನ್ನ ಮನೆಯಲ್ಲೇ ಇತ್ತೆಂದು ಅರುವತ್ತು ದಾಟಿದ ಮೇಲೆ ಗೊತ್ತಾಯಿತು.

ಅವಳು ಹೇಳಿದ ಕೋರ್ಸು ಎಂತದೆಂದು ಸ್ವಲ್ಪ ಹೇಳಬೇಕು. ತೀವ್ರ ನಿಗಾ ಘಟಕದಲ್ಲಿ ರೋಗಿಯನ್ನು ಪರೀಕ್ಷಿಸಿ, ಸ್ಥಿತಿಯನ್ನು ತೂಗಿ, ಆಸ್ಪತ್ರೆ ಮೊದಲೇ ನಿಗದಿ ಮಾಡಿಟ್ಟ ಕ್ರಮದ ಒಳಗೆ ಚಿಕಿತ್ಸೆಯ ತೀರ್ಮಾನ ಮಾಡಬಲ್ಲ ನರ್ಸುಗಳನ್ನು ತಯಾರು ಮಾಡುವ ಎರಡು ವರ್ಷದ ಸ್ನಾತಕೋತ್ತರ ಓದು ಅದು. ಭಾರತೀಯ ನರ್ಸಿಂಗ್ ಪರಿಷತ್ತು ಅದನ್ನು ರೂಪಿಸಿ ಇನ್ನೂ ಬಹಳ ವರ್ಷ ಆಗಿಲ್ಲ. ಓದಿನ ಹೆಚ್ಚಿನ ಪಾಲು ಕ್ಲಾಸಿನಲ್ಲಿ ಅಲ್ಲ, ರೋಗಿಯ ಪಕ್ಕದಲ್ಲೇ. ಹೆರಿಗೆಯ ವಿಷಯಕ್ಕೂ ಹೀಗೊಂದು ಉಂಟು, ಕೇಂದ್ರ ಸರಕಾರ 2018ರಲ್ಲಿ ಅದಕ್ಕೆ ಮಾರ್ಗಸೂಚಿ ಹೊರಡಿಸಿತು.

ಇಷ್ಟು ಕೇಳಿದಾಗ ನನಗೆ ಅಮ್ಮನ ನೆನಪಾಯಿತು.

ಅಮ್ಮ ಕೊನೆಯ ಎರಡು ವರ್ಷ ಹಾಸಿಗೆಯಲ್ಲೇ ಇದ್ದರು. ಬೆನ್ನಲ್ಲಿ ಹುಣ್ಣು, ಮೂತ್ರಕ್ಕೆ ಟ್ಯೂಬು. ಪಾಲಿಯೇಟಿವ್ ನರ್ಸ್ ಮನೆಗೆ ಬಂದು ಹುಣ್ಣು ತೊಳೆದು, ಟ್ಯೂಬು ಬದಲಿಸಿ ಹೋಗುತ್ತಿದ್ದರು. ಕೇರಳದಲ್ಲಿ 2008ರಿಂದ ಇದಕ್ಕೊಂದು ಸರಕಾರಿ ನೀತಿಯೇ ಇದೆ, ಈ ವಿಷಯದಲ್ಲಿ ನಾವು ಪುಣ್ಯವಂತರು. ಆ ಹುಡುಗಿ ಕಣ್ಣೂರು ಕಡೆಯವಳು, ಮನೆಮಾತು ಮಲಯಾಳ. ಅಮ್ಮನಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ನೋವಿಗೆ ಎಷ್ಟು ಹೆಸರು ನೋಡಿ: ಉರಿ, ಸೆಳೆತ, ಚುಚ್ಚಿದ ಹಾಗೆ, ಒಳಗೆ ಕೊರೆದ ಹಾಗೆ. ಅವಳು ಇವೆಲ್ಲವನ್ನೂ ಒಂದು ನೋಟ್‌ಪುಸ್ತಕದಲ್ಲಿ ಮಲಯಾಳ ಲಿಪಿಯಲ್ಲಿ ಬರೆದಿಟ್ಟು ಕಲಿತಳು. ಆರು ತಿಂಗಳಲ್ಲಿ ಅಮ್ಮ ಮುಖ ಕಿವುಚಿದ ರೀತಿಯಲ್ಲೇ ಯಾವ ನೋವೆಂದು ಹೇಳುತ್ತಿದ್ದಳು.

ಒಂದು ಶನಿವಾರ ಸಂಜೆ ಅಮ್ಮನಿಗೆ ನಡುಕ ಬಂತು, ಮೈ ಕೆಂಡ. ಕರೆದಾಗ ಅವಳು ಡ್ಯೂಟಿ ಮುಗಿದಿದ್ದರೂ ರಿಕ್ಷಾ ಮಾಡಿಕೊಂಡು ಬಂದಳು. ಟ್ಯೂಬು ನೋಡಿದಳು, ಮೂತ್ರದ ಬಣ್ಣ ನೋಡಿದಳು, ಜ್ವರ ನೋಡಿದಳು. "ಇದು ಮೂತ್ರದ ಸೋಂಕು ಮಾಷ್ಟ್ರೆ. ಇಂಥ ಮದ್ದು ಇವತ್ತೇ ಶುರು ಆಗ್ಬೇಕು. ಆದ್ರೆ ನನಗೆ ಬರೆದು ಕೊಡ್ಲಿಕ್ಕೆ ಆಗುದಿಲ್ಲ" ಎಂದಳು. ಪಂಚಾಯತಿನ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಡಾಕ್ಟರಿಲ್ಲ, ಮರುದಿನ ಆದಿತ್ಯವಾರ. ಬೆನ್ನಲ್ಲಿ ಹುಣ್ಣಿದ್ದ ಎಂಬತ್ತೆರಡು ವರ್ಷದ ಮುದುಕಿಯನ್ನು ಜೀಪಿನಲ್ಲಿ ಮಲಗಿಸಿ, ಗುಂಡಿ ಬಿದ್ದ ರಸ್ತೆಯಲ್ಲಿ ಪೇಟೆಗೆ ಹೊರಟೆವು. ಪ್ರತಿ ಗುಂಡಿಗೂ ಅಮ್ಮ ನನ್ನ ಅಂಗಿಯ ತೋಳು ಹಿಡಿದುಕೊಳ್ಳುತ್ತಿದ್ದರು. ಎರಡು ಗಂಟೆ ಕಾದ ಮೇಲೆ ಒಬ್ಬರು ಚಿಕ್ಕ ಪ್ರಾಯದ ಡಾಕ್ಟರು ಬಂದು ಪರೀಕ್ಷಿಸಿ ಮದ್ದು ಬರೆದರು. ಹುಡುಗಿ ಹೇಳಿದ್ದೇ ಮದ್ದು. ಮನೆಗೆ ಮುಟ್ಟುವಾಗ ರಾತ್ರಿ ಒಂದು ಗಂಟೆ. "ಆ ಮಗು ಹೇಳಿದ್ದನ್ನೇ ಇವರೂ ಹೇಳಿದ್ದಲ್ವಾ? ಮತ್ತೆ ನನ್ನನ್ನು ಎಂತಕ್ಕೆ ಕುಲುಕಿದ್ದು?" ಎಂದು ಅಮ್ಮ ಕೇಳಿದರು. ಉತ್ತರ ಹೇಳಲು ನನಗೆ ತಿಳಿಯಲಿಲ್ಲ.

ಈಗ ಯೋಚಿಸಿದರೆ ಉತ್ತರ ಅಷ್ಟು ಸುಲಭದ್ದೂ ಅಲ್ಲ. ಆ ದಿನ ಹುಡುಗಿ ಹೇಳಿದ್ದು ಸರಿಯಾಯಿತು. ಇನ್ನೊಂದು ದಿನ ತಪ್ಪಬಹುದಿತ್ತು. ಜ್ವರದ ಮೂಲ ಶ್ವಾಸಕೋಶದಲ್ಲಿ ಇರಬಹುದಿತ್ತು, ಆ ಮದ್ದು ಅಮ್ಮನ ಮೈಗೆ ಒಗ್ಗದೆ ಹೋಗಬಹುದಿತ್ತು. ನನ್ನ ಪರಿಚಯದ ಡಾಕ್ಟರೊಬ್ಬರು ಈ ಕತೆ ಕೇಳಿ "ಒಮ್ಮೆ ಸರಿ ಹೇಳಿದ್ದು ವಿದ್ಯೆ ಅಲ್ಲ ಮಾಷ್ಟ್ರೇ. ನಾವು ಐದೂವರೆ ವರ್ಷ ಓದುದು ಸುಮ್ಮನೆ ಅಲ್ಲ" ಎಂದರು. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಆ ಮಾತಿನಿಂದ ಹೊರಡುವುದು ದಾದಿಗೆ ಓದು ಬೇಡ ಎಂದಲ್ಲ, ಬೇಕು ಎಂದೇ. ನನ್ನ ಶಿಷ್ಯೆಗೆ ಇದನ್ನು ಹೇಳಿದಾಗ ಅವಳು ಕೊಟ್ಟ ಜವಾಬು ನನಗೆ ಹೊಸದು. "ಈಗ ನಾನು ಕಂಡದ್ದನ್ನು ಡಾಕ್ಟರಿಗೆ ಹೇಳಿದ್ರೆ ಸಾಕು. ಆಮೇಲೆ ಎಂತಾದ್ರೂ ನನ್ನ ತಲೆಗೆ ಬರುದಿಲ್ಲ. ಆ ಸುಖ ನನಗೆ ಬೇಡ ಮಾಷ್ಟ್ರೆ."

ಅಧಿಕಾರ ಬೇಕು ಎನ್ನುವವರನ್ನು ನಾವು ಸಂಶಯದಿಂದ ನೋಡುತ್ತೇವೆ, ರಾಜಕೀಯ ನೋಡಿ ನೋಡಿ ಹಾಗಾಗಿದೆ. ಆದರೆ ಈ ಹುಡುಗಿ ಕೇಳುತ್ತಿರುವುದು ತಪ್ಪಾದರೆ ತಾನೇ ಉತ್ತರ ಹೇಳಬೇಕಾದ ಜಾಗವನ್ನು. ಗೊತ್ತಿದ್ದೂ ಕೈಕಟ್ಟಿ ನಿಲ್ಲುವುದನ್ನು ನಾವು ವಿನಯ ಎಂದು ಹೊಗಳಿದ್ದೇವೆ. ಹಾಗೆ ನಿಂತವಳ ಮನಸ್ಸಿನಲ್ಲಿ ಎಂತ ಆಗುತ್ತದೆ ಎಂದು ಕೇಳಿದವರು ಕಡಿಮೆ. ನಾನೂ ಆ ಶನಿವಾರ ಕೇಳಲಿಲ್ಲ. ರಿಕ್ಷಾದ ದುಡ್ಡು ಕೊಟ್ಟು ಕಳಿಸಿದೆ, ಅಷ್ಟೆ.

ಇದರಲ್ಲಿ ಪಾಠ ಮಾಡಿದ ನಮ್ಮ ಪಾಲೂ ಉಂಟು. ಫ್ಲಾರೆನ್ಸ್ ನೈಟಿಂಗೇಲಳ ಪಾಠವನ್ನು ನಾನು ಎಷ್ಟು ವರ್ಷ ಮಾಡಿದ್ದೇನೋ, ಲೆಕ್ಕ ಇಲ್ಲ. ರಾತ್ರಿ ದೀಪ ಹಿಡಿದು ಗಾಯಾಳುಗಳ ಸಾಲಿನಲ್ಲಿ ನಡೆದ ಕರುಣಾಮಯಿ. ಅದೇ ಹೆಂಗಸು ಕ್ರಿಮಿಯಾ ಯುದ್ಧದ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಸತ್ತರೆಂದು ಅಂಕಿಅಂಶದ ಚಿತ್ರಗಳನ್ನು ಮಾಡಿ 1858ರಲ್ಲಿ ಅಚ್ಚು ಹಾಕಿಸಿದ್ದು, ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆ ಆದದ್ದು, ಇದನ್ನೆಲ್ಲ ನಾನು ಮಕ್ಕಳಿಗೆ ಹೇಳಿಯೇ ಇಲ್ಲ. ದೀಪವನ್ನು ಅವಳ ಕೈಯಲ್ಲಿ ಬಿಟ್ಟು ಲೆಕ್ಕದ ಪುಸ್ತಕವನ್ನು ಕಸಿದುಕೊಂಡ ಹಾಗಾಯಿತು.

ನರ್ಸ್ ಪ್ರಾಕ್ಟೀಶನರ್ ಎಂಬ ಕೆಲಸ ಹುಟ್ಟಿದ್ದೂ ಡಾಕ್ಟರಿಲ್ಲದ ಹಳ್ಳಿಯ ಕಷ್ಟದಿಂದಲೇ ಅಂತೆ. ಇದು ಶಿಷ್ಯೆ ಹೇಳಿ ನಾನು ಓದಿದ್ದು. ಅಮೆರಿಕದ ಕೊಲೊರಾಡೊದ ಹಳ್ಳಿಗಳಲ್ಲಿ ಸಾರ್ವಜನಿಕ ಆರೋಗ್ಯದ ನರ್ಸಾಗಿದ್ದ ಲೊರೆಟ್ಟಾ ಫೋರ್ಡ್, ಮಕ್ಕಳ ಡಾಕ್ಟರ್ ಹೆನ್ರಿ ಸಿಲ್ವರ್ ಜೊತೆ ಸೇರಿ 1965ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೊದಲ ತರಬೇತಿ ಶುರು ಮಾಡಿದರು. ಓದಿದಾಗ ನಮ್ಮೂರೇ ಕಣ್ಣಿಗೆ ಕಟ್ಟಿತು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯ ಕೆಲವು ರೋಗಿಗಳು ತೀರಿಕೊಂಡದ್ದನ್ನು ನಾವು ಮರೆತಿಲ್ಲ. ಹೆಚ್ಚು ಓದಿದ ನರ್ಸು ಇದ್ದಿದ್ದರೆ ಅವರೆಲ್ಲ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ, ದೊಡ್ಡ ಆಸ್ಪತ್ರೆಯೇ ಬೇಕಾದ ಕಾಯಿಲೆಗಳಿರುತ್ತವೆ. ಆದರೆ ಎಂಡೋಸಲ್ಫಾನ್ ಸಿಂಪಡಿಸಿದ ಗೇರು ತೋಟಗಳ ಸುತ್ತಿನ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳಿದ್ದಾರಲ್ಲ, ಅವರ ಪಾಲಿಗೆ ಬಾಗಿಲಿಗೆ ಬರುವವಳೇ ವೈದ್ಯಶಾಸ್ತ್ರ. ಅವಳಿಗೆ ಎಷ್ಟು ಗೊತ್ತೋ, ಎಷ್ಟು ಮಾಡಲು ಬಿಡುತ್ತೇವೋ, ಅಷ್ಟೇ ಆ ಮಕ್ಕಳಿಗೆ ಸಿಗುವುದು.

ಇಷ್ಟಾದರೂ ನನ್ನ ಮೊದಲಿನ ಪ್ರಶ್ನೆಯಲ್ಲಿ ಸ್ವಲ್ಪ ಜೀವ ಉಳಿದಿದೆ. ಎಲ್ಲರೂ ಮೇಲೆ ಹೋದರೆ ಹುಣ್ಣು ತೊಳೆಯುವವರು ಯಾರು? ಓದಿದವಳು ವಿದೇಶಕ್ಕೆ ಹಾರಿದರೆ ನಮ್ಮ ಬಾಗಿಲಿಗೆ ಬರುವವರು ಯಾರು? ಇದನ್ನೂ ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. "ಸಂಬಳ ಬೇಡ ಅಂತ ನಾನು ಹೇಳುದಿಲ್ಲ. ಸಾಲ ಉಂಟು, ಅಮ್ಮನ ಬೆರಳು ಇನ್ನೆಷ್ಟು ವರ್ಷ ಬೀಡಿ ಕಟ್ಟೀತು? ಹೊರಗೆ ಹೋಗುದಿಲ್ಲ ಅಂತ ಆಣೆ ಹಾಕ್ಲಿಕ್ಕೂ ಆಗುದಿಲ್ಲ" ಎಂದಳು. ಸ್ವಲ್ಪ ಸುಮ್ಮನಿದ್ದು, "ಹುಣ್ಣು ತೊಳೆಯುದು ಕೆಳಗಿನ ಕೆಲಸ ಅಂತ ನನಗಿಲ್ಲ ಮಾಷ್ಟ್ರೆ. ಹಾಗೆ ಮಾಡಿದ್ದು ಸಂಬಳ ಕೊಡುವವರು" ಎಂದಳು. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ನೇಮಿಸಿದ ಸಮಿತಿ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು ಎಂದಿತ್ತು. ಅದಕ್ಕಾಗಿ ಕೇರಳದ ನರ್ಸುಗಳು 2017ರಲ್ಲಿ ಮುಷ್ಕರವನ್ನೇ ಮಾಡಬೇಕಾಯಿತು. ಆಗ "ನರ್ಸುಗಳೂ ಮುಷ್ಕರ ಮಾಡುದಾ?" ಎಂದು ವಾಚನಾಲಯದ ಜಗಲಿಯಲ್ಲಿ ಕೂತು ಪೇಪರು ಓದುತ್ತಾ ಹೇಳಿದವರಲ್ಲಿ ನಾನೂ ಒಬ್ಬ. ಮಾಷ್ಟ್ರುಗಳ ಮುಷ್ಕರದಲ್ಲಿ ನಾನು ಕೊಡಿ ಹಿಡಿದು ಹೋದದ್ದು ಆಗ ನೆನಪಿಗೆ ಬರಲಿಲ್ಲ.

ಹೊರಡುವಾಗ ಅವಳು ಚೀಲದಿಂದ ಒಂದು ಕಾಗದ ತೆಗೆದಳು. ಯಾವುದೋ ಸ್ಕಾಲರ್‌ಶಿಪ್ಪಿಗೆ ಹಳೆಯ ಶಾಲೆಯ ಅಧ್ಯಾಪಕರಿಂದ ನಾಲ್ಕು ಮಾತು ಬೇಕಂತೆ. ಅಭ್ಯಾಸಬಲದಿಂದ "ತಾಳ್ಮೆ, ಸೇವಾಮನೋಭಾವ ಉಳ್ಳವಳು" ಎಂದು ಶುರು ಮಾಡಿದೆ. ಆಮೇಲೆ ಅದರ ಕೆಳಗೆ, ಎಂಟನೆಯ ಕ್ಲಾಸಿನಲ್ಲಿ ನಾನು ಬೋರ್ಡಿನ ಮೇಲೆ ಮಾಡಿದ ಲೆಕ್ಕ ತಪ್ಪೆಂದು ಎದ್ದುನಿಂತು ಹೇಳಿದ ಹುಡುಗಿ ಇವಳೇ, ಮತ್ತು ಆ ಲೆಕ್ಕ ನಿಜವಾಗಿಯೂ ತಪ್ಪಾಗಿತ್ತು ಎಂದು ಸೇರಿಸಿ ಸಹಿ ಹಾಕಿದೆ.