ಹಿಜ್ಕೀಯನ ಕಣ್ಣೀರು, ಯೆಶಾಯನ ಅಂಜೂರ

 

ಎರಡನೇ ಅರಸುಗಳು 20ನೇ ಅಧ್ಯಾಯ ತೆಗೀರಿ. ಹಿಜ್ಕೀಯ ಅರಸ ಸಾಯುವ ಸ್ಥಿತಿಯಲ್ಲಿದ್ದಾನೆ. ಗೋಡೆ ಕಡೆ ತಿರುಗಿ ಅತ್ತು ಪ್ರಾರ್ಥಿಸ್ತಾನೆ. ದೇವರು ಕೇಳಿದರು, ಇನ್ನೂ 15 ವರ್ಷ ಆಯುಷ್ಯ ಕೊಟ್ಟರು. ಹಲ್ಲೆಲೂಯ! ಅಲ್ಲಿಗೇ ನಿಲ್ಲಿಸಬೇಡಿ, 7ನೇ ವಚನ ನೋಡಿ. ವಾಗ್ದಾನ ಸಿಕ್ಕ ಮೇಲೂ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಹಾಕಿಸ್ತಾನೆ. ಪ್ರಾರ್ಥನೆ ಕೇಳಿದ ದೇವರೇ ಔಷಧಿಯನ್ನೂ ಬಳಸಿದರು.

ಇದನ್ನ ಯಾಕೆ ಹೇಳ್ತಿದ್ದೀನಿ? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡರು. 2025ರಲ್ಲಿ ಪಕ್ಕದ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹಠಾತ್ತಾಗಿ ಸತ್ತ ಸುದ್ದಿ ಬಂತು. ಹೆದರಿದ ಜನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ತಜ್ಞರ ಸಮಿತಿ ನೋಡಿದಾಗ ಅನೇಕರಲ್ಲಿ ಕಂಡದ್ದು ಹಳೇ ಶತ್ರುಗಳೇ: ಬಿಪಿ, ಶುಗರ್, ಬೊಜ್ಜು, ಸಿಗರೇಟು, ಕುಡಿತ. ಇವು ವರ್ಷಗಟ್ಟಲೆ ಸದ್ದಿಲ್ಲದೆ ರಕ್ತನಾಳ ಕೆಡಿಸ್ತವೆ.

"ಪಾಸ್ಟರ್, ನಂಬಿಕೆಯಿಂದ ಬಿಪಿ ಮಾತ್ರೆ ಬಿಟ್ಟೆ" ಅನ್ನೋರಿದ್ದಾರೆ. ಸೈತಾನ ಯೇಸುವನ್ನ ದೇವಾಲಯದ ಶಿಖರಕ್ಕೆ ಕರಕೊಂಡು ಹೋಗಿ, ಧುಮುಕು, ದೂತರು ಹಿಡೀತಾರೆ ಅಂದ. ಯೇಸು ಧುಮುಕಲಿಲ್ಲ. ಡಾಕ್ಟರನ್ನ ಕೇಳದೆ ಮಾತ್ರೆ ಬಿಡೋದು ಆ ಶಿಖರದಿಂದ ಧುಮುಕಿದ ಹಾಗೆ.

ಹಾಗಾದರೆ ಏನು ಮಾಡೋಣ? ವಾರಕ್ಕೆ 150 ನಿಮಿಷ ಚುರುಕಾಗಿ ನಡೀರಿ. ಉಪ್ಪು ದಿನಕ್ಕೆ 5 ಗ್ರಾಂ ದಾಟದಿರಲಿ, ಚಿಪ್ಸು, ಉಪ್ಪಿನಕಾಯಿ ಎಲ್ಲ ಸೇರಿ. ಹಬ್ಬಕ್ಕೆ ಪಂದಿ ಕರಿ ತಿನ್ನಿ, ದಿನಾ ಹಬ್ಬ ಮಾಡಬೇಡಿ. ಸಿಗರೇಟು ಬಿಟ್ಟರೆ ಒಂದು ವರ್ಷದಲ್ಲಿ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತೆ. ಚೆನ್ನಾಗಿದ್ದೀನಿ ಅನ್ನಿಸಿದರೂ ಬಿಪಿ, ಶುಗರ್ ನೋಡಿಸಿ.

ಎದೆ ಹಿಂಡಿದ ಹಾಗಾಗಿ, ನೋವು ತೋಳಿಗೋ ದವಡೆಗೋ ಹರಡಿ, ಬೆವರು ಬಂತಾ? ಗ್ಯಾಸ್ ಅಂತ ಮಲಗಬೇಡಿ. 108ಕ್ಕೆ ಫೋನ್ ಮಾಡಿ. ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಮಾಕುಟ್ಟದವರು ಘಾಟಿ ಹತ್ತಿ ವಿರಾಜಪೇಟೆಗೆ, ಇಲ್ಲವೇ ಇಳಿದು ಇರಿಟ್ಟಿಗೆ ಹೋಗಬೇಕು. ಕಳೆಯೋಕೆ ನಮ್ಮ ಹತ್ತಿರ ನಿಮಿಷಗಳಿಲ್ಲ. ಮೊದಲು ಗಾಡಿ ಹತ್ತಿಸಿ, ಪ್ರಾರ್ಥನೆ ದಾರಿಯುದ್ದಕ್ಕೂ ಮಾಡೋಣ.

ಎದೆ ಮೇಲೆ ಕೈ ಇಡಿ. ಕರ್ತನೇ, ಈ ಬಡಿತ ನಿನ್ನದು. ಇದನ್ನ ಕಾಯುವ ಬುದ್ಧಿಯನ್ನೂ ಶಿಸ್ತನ್ನೂ ನಮಗೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.